ಬೆಂಕಿಕಡ್ಡಿಗಳು ಎದ್ದು ಕುಣಿದ ವರ್ಷ

1915. ಈ ಇಸವಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ತಿರುಗುತ್ತದೆ!

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರ. ವಿಲ್ಲಿಸ್ ಓಬ್ರಿಯನ್ ಎಂಬ ಯುವಕ. ದನ ಕಾದವನು, ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದವನು, ಅಮೃತಶಿಲೆ ಕೆತ್ತಿದವನು. ಅವನ ಮೇಜಿನ ಮೇಲೆ ಒಂದು ಪುಟಾಣಿ ಡೈನೋಸಾರ್ ನಿಂತಿದೆ. ಅವನು ಕ್ಯಾಮೆರಾದಲ್ಲಿ ಅದರದೊಂದು ಚಿತ್ರ ತೆಗೆಯುತ್ತಾನೆ. ಅದರ ಕಾಲನ್ನು ಎಳ್ಳುಕಾಳಿನಷ್ಟು ಮುಂದೆ ಸರಿಸುತ್ತಾನೆ. ಇನ್ನೊಂದು ಚಿತ್ರ ತೆಗೆಯುತ್ತಾನೆ. ಕತ್ತನ್ನು ಕೊಂಚ ತಿರುಗಿಸುತ್ತಾನೆ. ಮತ್ತೊಂದು ಚಿತ್ರ. ಹೀಗೆ ಸಾವಿರಾರು ಸಲ! ಆ ಸುರುಳಿಯನ್ನು ಪರದೆಯ ಮೇಲೆ ಓಡಿಸಿದರೆ, ಕೋಟಿಗಟ್ಟಲೆ ವರ್ಷದ ಹಿಂದೆ ಅಳಿದುಹೋದ ಪ್ರಾಣಿ ತಲೆಯೆತ್ತಿ ನಡೆಯುತ್ತದೆ.

ಅದೇ 1915. ನಮ್ಮ ನಾಸಿಕ. ಅಲ್ಲೊಬ್ಬ ಮನುಷ್ಯ ಒಂದು ಹಿಡಿ ಬೆಂಕಿಕಡ್ಡಿಗಳನ್ನು ಕ್ಯಾಮೆರಾದ ಮುಂದೆ ಹರಡಿಕೊಂಡು ಕೂತಿದ್ದಾನೆ. ಒಂದು ಫ್ರೇಮ್ ತೆಗೆಯುತ್ತಾನೆ, ಕಡ್ಡಿಗಳನ್ನು ಕೊಂಚ ಸರಿಸುತ್ತಾನೆ, ಇನ್ನೊಂದು ಫ್ರೇಮ್ ತೆಗೆಯುತ್ತಾನೆ. ಪರದೆಯ ಮೇಲೆ ಆ ಕಡ್ಡಿಗಳಿಗೆ ಜೀವ ಬರುತ್ತದೆ! ಚಿತ್ರದ ಹೆಸರು ‘ಆಗಕಾಡ್ಯಾಂಚಿ ಮೌಜ್’, ಬೆಂಕಿಕಡ್ಡಿಗಳ ಮೋಜು. ಮಾಡಿದವರು ಧುಂಡಿರಾಜ ಗೋವಿಂದ ಫಾಲ್ಕೆ. ನಾವೆಲ್ಲ ದಾದಾಸಾಹೇಬ್ ಎಂದು ಕರೆಯುವ ಅದೇ ಫಾಲ್ಕೆ!

ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. ‘ದಿ ಡೈನೋಸಾರ್ ಅಂಡ್ ದಿ ಮಿಸ್ಸಿಂಗ್ ಲಿಂಕ್’ ಎಂಬ ಓಬ್ರಿಯನ್ ಚಿತ್ರವನ್ನು ಎಡಿಸನ್ ಕಂಪನಿ ಕೊಂಡು ಬಿಡುಗಡೆ ಮಾಡಿದ್ದೇ 1917ರಲ್ಲಿ. ನಾಸಿಕದಲ್ಲಿ ಕೂತವರು ಅದನ್ನು ನೋಡಿ ಕಲಿಯುವ ಮಾತೇ ಇಲ್ಲ. ಫ್ರೇಮ್ ಫ್ರೇಮ್ ಸರಿಸಿ ಜೀವ ತುಂಬುವ ಈ ಸ್ಟಾಪ್ ಮೋಷನ್ ವಿದ್ಯೆ ಅದಕ್ಕೂ ಮೊದಲೇ ಲೋಕದಲ್ಲಿತ್ತು, ನಿಜ. ಸ್ಟಾರೆವಿಚ್ ಎಂಬ ಕಲಾವಿದ 1912ರಲ್ಲಿ ರಷ್ಯಾದಲ್ಲಿ ಸತ್ತ ಜೀರುಂಡೆಗಳ ಕಾಲಿಗೆ ತಂತಿ ಕಟ್ಟಿ ಅವುಗಳಿಂದ ಪ್ರೇಮ, ಮತ್ಸರದ ನಾಟಕವನ್ನೇ ಆಡಿಸಿದ್ದ. ಆದರೆ ‘ಕಿಂಗ್ ಕಾಂಗ್’ನಂಥ ದೈತ್ಯನನ್ನು ಮುಂದೆ ಲೋಕಕ್ಕೆ ಕೊಡಲಿದ್ದ ಕೈ ಮತ್ತು ಭಾರತದ ಸಿನಿಮಾಕ್ಕೆ ಅಡಿಪಾಯ ಹಾಕಿದ ಕೈ ಒಂದೇ ವರ್ಷ, ಒಂದೇ ಬಗೆಯ ಕೆಲಸದಲ್ಲಿ, ಅಷ್ಟೇ ತಾಳ್ಮೆಯಿಂದ ತೊಡಗಿದ್ದವಲ್ಲ! ಇದನ್ನು ತಿಳಿದಾಗ ಮೈ ಜುಮ್ಮೆನ್ನದೆ ಇರಲು ಸಾಧ್ಯವೇ?

ಮೊಳಕೆಯೊಡೆದ ಬಟಾಣಿ

ಫಾಲ್ಕೆಯವರಿಗೆ ಈ ಹುಚ್ಚು ಹಿಡಿದದ್ದು ಬೆಂಕಿಕಡ್ಡಿಗಿಂತಲೂ ಮೊದಲು. 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮೆರಾ ತಂದ ಮೇಲೆ ಚಿತ್ರ ತೆಗೆಯಲು ಹಣ ಬೇಕಿತ್ತು. ಹಣ ಕೊಡುವವರಿಗೆ ನಂಬಿಕೆ ಬರಬೇಕಲ್ಲ! ಅವರು ಒಂದು ಕುಂಡದಲ್ಲಿ ಬಟಾಣಿ ಬಿತ್ತಿದರು. ಎದುರಿಗೆ ಕ್ಯಾಮೆರಾ ಇಟ್ಟರು. ತಿಂಗಳಿಗೂ ಹೆಚ್ಚು ಕಾಲ ಕದಲದೆ ಒಂದೇ ಜಾಗದಿಂದ ಬಿಟ್ಟು ಬಿಟ್ಟು ಚಿತ್ರ ತೆಗೆದರು. ಕೊನೆಗೆ ಪರದೆಯ ಮೇಲೆ ಒಂದು ನಿಮಿಷದಷ್ಟು ಹೊತ್ತಿನಲ್ಲಿ ಮಣ್ಣು ಬಿರಿದು, ಮೊಳಕೆ ಇಣುಕಿ, ಎಲೆ ಬಿಚ್ಚಿ, ಬಳ್ಳಿ ಎದ್ದು ನಿಂತಿತು. ನೋಡಿದವರು ಬೆರಗಾದರು, ಹಣ ಹುಟ್ಟಿತು. 1913ರ ಮೇ 3ರಂದು ಮುಂಬಯಿಯ ಕೊರೊನೇಷನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು.

ಒಂದು ಬಟಾಣಿ ಗಿಡ! ಭಾರತೀಯ ಸಿನಿಮಾದ ಬಾಗಿಲು ತೆರೆದದ್ದು ಅದರಿಂದ. ಗಿಡ ಬೆಳೆಯುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕಾಲ ಅಷ್ಟು ನಿಧಾನ. ಬೆಂಕಿಕಡ್ಡಿ ಕುಣಿಯುವುದೂ ಕಾಣುವುದಿಲ್ಲ, ಅದಕ್ಕೆ ಜೀವವೇ ಇಲ್ಲ. ಕಾಣದ ಈ ಎರಡನ್ನೂ ಒಂದೇ ಉಪಾಯದಿಂದ ಕಾಣಿಸಬಹುದೆಂದು ಫಾಲ್ಕೆ ಕಂಡುಕೊಂಡಿದ್ದರು. ಕಾಲವನ್ನು ತುಂಡು ತುಂಡಾಗಿ ಕತ್ತರಿಸಿ ಬೇಕಾದ ಹಾಗೆ ಮತ್ತೆ ಜೋಡಿಸುವುದೇ ಆ ಉಪಾಯ.

ಈ ವಿದ್ಯೆಯ ಗುಟ್ಟನ್ನು ಹೀಗೆ ಊಹಿಸಿಕೊಳ್ಳಿ. ನವರಾತ್ರಿಗೆ ಮನೆಯಲ್ಲಿ ಗೊಂಬೆ ಕೂರಿಸಿದ್ದೇವೆ. ನಾವು ಕಣ್ಣು ಮಿಟುಕಿಸಿದಾಗಲೆಲ್ಲ ಪಟ್ಟದ ಗೊಂಬೆ ಒಂದು ಕೂದಲೆಳೆಯಷ್ಟು ಕೈಯೆತ್ತುತ್ತದೆ. ಕಣ್ಣು ತೆರೆದಾಗ ಅದು ನಿಶ್ಚಲ, ಮುಚ್ಚಿದಾಗ ಮಾತ್ರ ಚಲನೆ. ಸ್ಟಾಪ್ ಮೋಷನ್ ಎಂದರೆ ಇಷ್ಟೇ. ಗೊಂಬೆ ಅಲುಗಾಡುವುದು ಕ್ಯಾಮೆರಾದ ಕಣ್ಣು ಮುಚ್ಚಿರುವಾಗ. ನಿಜವಾದ ಚಲನೆ ಯಾವ ಫ್ರೇಮಿನಲ್ಲೂ ಇಲ್ಲ, ಅದು ಹುಟ್ಟುವುದು ನೋಡುವವರ ಮಿದುಳಿನಲ್ಲಿ! ಸೆಕೆಂಡಿಗೆ 16 ಫ್ರೇಮಿನ ಲೆಕ್ಕದಲ್ಲಿ ಮೂಕಿಚಿತ್ರದ ಒಂದು ನಿಮಿಷಕ್ಕೆ 960 ಫ್ರೇಮು. ಅಂದರೆ ಒಂದು ನಿಮಿಷದ ಆಟಕ್ಕೆ 960 ಸಲ ಕೈ ಚಾಚಬೇಕು, ಸರಿಸಬೇಕು, ಹಿಂದೆ ಸರಿಯಬೇಕು. ಒಂದು ಸಲ ಮೊಣಕೈ ತಗುಲಿದರೂ ಅಷ್ಟೂ ಶ್ರಮ ನೀರುಪಾಲು.

ಬೆಂಕಿಕಡ್ಡಿಗಳ ನಂತರ ಫಾಲ್ಕೆ ‘ಲಕ್ಷ್ಮೀಚಾ ಗಲೀಚಾ’ದಲ್ಲಿ ನಾಣ್ಯಗಳಿಗೂ ಹೀಗೆಯೇ ಜೀವ ಕೊಟ್ಟರು. ಆಗ ಮೊದಲ ಮಹಾಯುದ್ಧ ನಡೆದಿತ್ತು. ವಿದೇಶದಿಂದ ಬರುತ್ತಿದ್ದ ಕಚ್ಚಾ ಫಿಲ್ಮಿಗೆ ಬರ, ಹಣಕ್ಕೂ ಬರ. ದೊಡ್ಡ ಚಿತ್ರಗಳು ದುಸ್ತರವಾದ ಆ ದಿನಗಳಲ್ಲಿ ಕೈಗೆ ಸಿಕ್ಕ ಕಡ್ಡಿ, ಕಾಸುಗಳನ್ನೇ ನಟರನ್ನಾಗಿಸಿದ ಮನುಷ್ಯ ಅವರು!

ಪುಣೆಯಲ್ಲಿ ಕಾಳಿಂಗ

ಇಷ್ಟೆಲ್ಲ ಕೇಳಿದ ಮೇಲೆ ಆ ಬೆಂಕಿಕಡ್ಡಿಗಳ ಕುಣಿತ ನೋಡಬೇಕೆನಿಸುತ್ತದೆ ಅಲ್ಲವೇ? ಆಗುವುದಿಲ್ಲ. ‘ಆಗಕಾಡ್ಯಾಂಚಿ ಮೌಜ್’ ಉಳಿದಿಲ್ಲ. ಬಟಾಣಿ ಗಿಡವೂ ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮ್ ಕಿಡಿ ತಗುಲಿದರೆ ಭುಗಿಲೆನ್ನುವಂಥದ್ದು, ತನ್ನಷ್ಟಕ್ಕೇ ಕೊಳೆತು ಪುಡಿಯಾಗುವಂಥದ್ದು. ಅದರಲ್ಲಿದ್ದ ಬೆಳ್ಳಿಯ ಆಸೆಗೆ ಸುರುಳಿಗಳನ್ನು ಕರಗಿಸಿದವರೂ ಇದ್ದರು. ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿಚಿತ್ರಗಳಲ್ಲಿ ಇಂದು ನೋಡಲು ಸಿಗುವುದು ಬೆರಳೆಣಿಕೆಯಷ್ಟು.

ಆ ಬೆರಳೆಣಿಕೆಯಲ್ಲೇ ಒಂದು ನಿಧಿ ಇದೆ. ಅದನ್ನು ಹುಡುಕಿಕೊಂಡು ಪುಣೆಗೆ ಬರಬೇಕು.

ಪುಣೆಯ ಲಾ ಕಾಲೇಜ್ ರಸ್ತೆ. ಒಂದೇ ರಸ್ತೆಯಲ್ಲಿ ಎಷ್ಟೊಂದು ಚರಿತ್ರೆ! ಒಂದೆಡೆ 1960ರಲ್ಲಿ ಶುರುವಾದ ಫಿಲ್ಮ್ ಇನ್‌ಸ್ಟಿಟ್ಯೂಟ್, ಪ್ರಭಾತ್ ಫಿಲ್ಮ್ ಕಂಪನಿಯ ಹಳೆಯ ಸ್ಟುಡಿಯೋ ನೆಲದಲ್ಲಿ. ನಮ್ಮ ಗಿರೀಶ ಕಾರ್ನಾಡರು 1974-75ರಲ್ಲಿ ಅದರ ನಿರ್ದೇಶಕರಾಗಿದ್ದರು, ಗಿರೀಶ್ ಕಾಸರವಳ್ಳಿ ಸಿನಿಮಾ ಕಲಿತದ್ದೂ ಅಲ್ಲೇ. ಇನ್ನೊಂದೆಡೆ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಎಂಬ ತಿರುವನಂತಪುರದ ಮನುಷ್ಯನಿಗೆ ಸಿನಿಮಾ ಎಂದರೆ ಹಸಿವು. ಊರೂರು ಅಲೆದು, ಗೋದಾಮು ಹೊಕ್ಕು, ತುಕ್ಕು ಹಿಡಿದ ಡಬ್ಬಿಗಳನ್ನು ತೆರೆದು ನೋಡಿದರು. ಫಾಲ್ಕೆಯವರ ಕುಟುಂಬದವರನ್ನು ಭೇಟಿಯಾಗಿ, ತುಂಡು ತುಂಡಾಗಿ ಉಳಿದಿದ್ದ ಫಿಲ್ಮನ್ನು ಪುಣೆಗೆ ತಂದರು. ಫಾಲ್ಕೆಯವರೇ ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಎದುರಿಗಿಟ್ಟುಕೊಂಡು, ಯಾವ ತುಣುಕಿನ ಮುಂದೆ ಯಾವುದು ಎಂದು ಒಂದೊಂದನ್ನೂ ಹೊಂದಿಸಿದರು. ಹಾಗೆ ಮರುಜನ್ಮ ಪಡೆದದ್ದು 1919ರ ‘ಕಾಳಿಯಾ ಮರ್ದನ್’, ನಾವು ಯಕ್ಷಗಾನದಲ್ಲಿ, ಹರಿಕಥೆಯಲ್ಲಿ ಕಂಡು ಕೇಳಿದ ಅದೇ ಕಾಳಿಂಗ ಮರ್ದನದ ಕಥೆ!

ಚಿತ್ರ ಶುರುವಾಗುವುದೇ ಬೆರಗಿನಿಂದ. ಏಳು ವರ್ಷದ ಹುಡುಗಿಯೊಬ್ಬಳು ನೇರವಾಗಿ ನಮ್ಮನ್ನೇ ನೋಡುತ್ತಾಳೆ. ಅವಳು ಫಾಲ್ಕೆಯವರ ಮಗಳು ಮಂದಾಕಿನಿ. ಅವಳ ಮುಖದಲ್ಲಿ ಒಂದರ ಹಿಂದೊಂದು ಭಾವ ಮೂಡಿ ಮರೆಯಾಗುತ್ತವೆ. ನೋಡನೋಡುತ್ತಿದ್ದಂತೆ ಆ ಹುಡುಗಿಯೇ ಕರಗಿ ಬಾಲಕೃಷ್ಣನಾಗುತ್ತಾಳೆ! ಆಮೇಲೆ ತುಂಟಾಟ. ರಾತ್ರಿ ಮನೆಯೊಂದಕ್ಕೆ ನುಗ್ಗಿ, ಮಲಗಿದ್ದ ಗಂಡನ ಗಡ್ಡವನ್ನು ಹೆಂಡತಿಯ ಜಡೆಗೆ ಗಂಟುಹಾಕುವ ಕೃಷ್ಣ. ಕೊನೆಗೆ ಯಮುನೆ. ದಡದಲ್ಲಿ ಗೋಕುಲವೇ ಕಂಗಾಲಾಗಿ ನಿಂತಿದೆ, ನೀರಿನೊಳಗೆ ಆ ಪುಟ್ಟ ಮೈಯನ್ನು ಮಹಾಸರ್ಪ ಸುತ್ತಿಕೊಳ್ಳುತ್ತದೆ.

ಈ ಕಾಳಿಂಗ ಫ್ರೇಮ್ ಫ್ರೇಮಾಗಿ ಸರಿಸಿದ ಗೊಂಬೆಯಲ್ಲ. ಮಗುವಿನ ಜೊತೆಗೇ ಕ್ಯಾಮೆರಾದ ಮುಂದೆ ಹೊರಳುವ, ಕೈಯಿಂದ ಕಟ್ಟಿದ ಭಾರೀ ಹಾವು. ಆದರೆ ಅದರ ಸುತ್ತಲಿನ ಧೈರ್ಯ ನೋಡಿ! ಆ ಕಾಲದ ಕ್ಯಾಮೆರಾಕ್ಕೆ ಕೈಯಲ್ಲೇ ಹಿಡಿ ತಿರುಗಿಸಬೇಕು. ಒಂದು ರೂಪ ಕರಗಿ ಇನ್ನೊಂದಾಗಬೇಕಾದರೆ ಬೆಳಕನ್ನು ನಿಧಾನ ಮುಚ್ಚಿ, ಫಿಲ್ಮನ್ನು ಎಣಿಸಿ ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಮತ್ತೆ ಚಿತ್ರ ತೆಗೆಯಬೇಕು. ಸರಿಯಾಯಿತೋ ಇಲ್ಲವೋ ಗೊತ್ತಾಗುವುದು ಫಿಲ್ಮ್ ತೊಳೆದ ಮೇಲೆ. ಕಂಪ್ಯೂಟರ್ ಇಲ್ಲ, ಮಾನಿಟರ್ ಇಲ್ಲ, ಕೇಳಲು ಗುರುವಿಲ್ಲ. ಆದರೂ ಹೆಡೆಯ ಮೇಲೆ ಆ ಮಗು ನಿಂತಾಗ ನೂರು ವರ್ಷ ಕಳೆದ ಮೇಲೂ ಮನಸ್ಸು ಜಿಗಿಯುತ್ತದೆ!

ಇಲ್ಲಿ ಇನ್ನೊಂದು ಕಾಕತಾಳೀಯ. ಹೆಚ್ಚೂಕಡಿಮೆ ಅದೇ ಹೊತ್ತಿಗೆ ಓಬ್ರಿಯನ್‌ನ ‘ದಿ ಘೋಸ್ಟ್ ಆಫ್ ಸ್ಲಂಬರ್ ಮೌಂಟನ್’ ತೆರೆಗೆ ಬಂತು. ಅದರಲ್ಲಿ ಟೈರನೋಸಾರಸ್ ಮತ್ತು ಟ್ರೈಸೆರಟಾಪ್ಸ್ ಕಾದಾಡುತ್ತವೆ. ಅಲ್ಲಿ ಹಲ್ಲಿ, ಇಲ್ಲಿ ಹಾವು. ಭೂಮಿಯ ಎರಡು ಬದಿಯಲ್ಲಿ ಒಂದೇ ಕಾಲದಲ್ಲಿ ಎರಡು ಮಹಾ ಉರಗಗಳು ಪರದೆಯ ಮೇಲೆ ತಲೆಯೆತ್ತಿದವು!

ಮಾಂತ್ರಿಕರ ಸಭೆ

1922ರ ಜೂನ್ 2. ನ್ಯೂಯಾರ್ಕ್‌ನಲ್ಲಿ ಅಮೆರಿಕದ ಇಂದ್ರಜಾಲಿಗರ ಸಂಘದ ಔತಣ. ಸಭೆಯಲ್ಲಿ ಹೆಸರಾಂತ ಜಾದೂಗಾರ ಹೂಡಿನಿಯೂ ಇದ್ದಾನೆ. ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಎದ್ದು, ಇದು ಏನು, ಎಲ್ಲಿಯದು ಎಂದು ಏನೂ ಹೇಳದೆ, ಒಂದು ಸುರುಳಿಯನ್ನು ತೋರಿಸುತ್ತಾನೆ. ಪರದೆಯಲ್ಲಿ ಡೈನೋಸಾರ್‌ಗಳು ಮೇಯುತ್ತಿವೆ, ಕಚ್ಚಾಡುತ್ತಿವೆ! ಕಣ್ಕಟ್ಟನ್ನೇ ಕಸುಬಾಗಿಸಿಕೊಂಡವರ ಸಭೆ ಬೆಪ್ಪಾಯಿತು, ಮರುದಿನದ ನ್ಯೂಯಾರ್ಕ್ ಟೈಮ್ಸ್ ಬೆರಗಿನಿಂದ ವರದಿ ಮಾಡಿತು. ಅವು ಡಾಯ್ಲ್‌ನ ಕಾದಂಬರಿಯನ್ನು ಆಧರಿಸಿದ ‘ದಿ ಲಾಸ್ಟ್ ವರ್ಲ್ಡ್’ಗಾಗಿ ಓಬ್ರಿಯನ್ ಮಾಡಿದ ತುಣುಕುಗಳು. ಚಿತ್ರ 1925ರಲ್ಲಿ ಹೊರಬಂತು.

ಈಗ ಕೇಳಿ! ನಮ್ಮ ಫಾಲ್ಕೆಯೂ ಜಾದೂಗಾರರೇ! ಸಿನಿಮಾಕ್ಕೆ ಬರುವ ಮೊದಲೇ ಇಂದ್ರಜಾಲ ಕಲಿತು, ಪ್ರೊಫೆಸರ್ ಕೇಲ್ಫಾ ಎಂಬ ಹೆಸರಿನಲ್ಲಿ ಪ್ರದರ್ಶನ ಕೊಟ್ಟವರು. ಫ್ರಾನ್ಸಿನ ಮೆಲಿಯೆಸ್ ಕೂಡ ಹಾಗೆಯೇ ರಂಗದ ಜಾದೂವಿನಿಂದ ಸಿನಿಮಾಕ್ಕೆ ಬಂದವನು. ರಂಗದ ಮೇಲೆ ಜಾದೂಗಾರ ನಮ್ಮ ಕಣ್ಣನ್ನು ಅರೆಗಳಿಗೆ ಬೇರೆಡೆಗೆ ಸೆಳೆಯುತ್ತಾನೆ, ಅಷ್ಟರಲ್ಲಿ ಕೈ ಕೆಲಸ ಮುಗಿಸಿರುತ್ತದೆ. ಸ್ಟಾಪ್ ಮೋಷನ್ ಕಲಾವಿದ ಎರಡು ಫ್ರೇಮುಗಳ ನಡುವೆ ಅದೇ ಅರೆಗಳಿಗೆಯನ್ನು ಕದಿಯುತ್ತಾನೆ. ಬೇಕಾದರೆ ಒಂದು ಗಂಟೆ, ಒಂದು ದಿನ!

1933: ಕಾಂಗ್ ಬಂದ, ಪ್ರಭಾತ್ ಬಂತು

1933ರ ಮಾರ್ಚ್. ನ್ಯೂಯಾರ್ಕ್‌ನಲ್ಲಿ ‘ಕಿಂಗ್ ಕಾಂಗ್’ ಬಿಡುಗಡೆ. ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ನಿಂತು ವಿಮಾನಗಳತ್ತ ಕೈಬೀಸುವ ಆ ಮಹಾವಾನರನ ಗೊಂಬೆಯ ಎತ್ತರ ಎಷ್ಟು ಗೊತ್ತೇ? ಸುಮಾರು 18ರಿಂದ 24 ಅಂಗುಲ! ಮಾರ್ಸೆಲ್ ಡೆಲ್ಗಾಡೋ ಕಟ್ಟಿದ ಲೋಹದ ಕೀಲುಗಳ ಅಸ್ಥಿಪಂಜರ, ಮೇಲೆ ರಬ್ಬರ್, ಅದರ ಮೇಲೆ ಮೊಲದ ತುಪ್ಪಳ. ಗೊಂಬೆಯನ್ನು ಸರಿಸುವಾಗಲೆಲ್ಲ ಬೆರಳು ತಗುಲಿ ತುಪ್ಪಳ ಚೂರು ಅಸ್ತವ್ಯಸ್ತವಾಗುತ್ತಿತ್ತು. ಹೀಗಾಗಿ ಪರದೆಯಲ್ಲಿ ಕಾಂಗ್‌ನ ರೋಮ ಗಾಳಿಗೆ, ಕೋಪಕ್ಕೆ ನವಿರೇಳುವಂತೆ ಸದಾ ಅಲೆಯಾಡುತ್ತದೆ. ಅದು ಓಬ್ರಿಯನ್‌ನ ಬೆರಳಿನ ಗುರುತು! ಆ ಕೈ ಎಂದೋ ಇಲ್ಲವಾಯಿತು, ಅದರ ಸ್ಪರ್ಶ ಮಾತ್ರ ಆ ರೋಮದಲ್ಲಿ ಇವತ್ತಿಗೂ ಮಿಸುಕುತ್ತಿದೆ.

ಅದೇ 1933ರಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಕೊಲ್ಲಾಪುರದಿಂದ ಪುಣೆಗೆ ಬಂತು. ವಿ. ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮತ್ತು ಸಂಗಡಿಗರು ವಿಶಾಲ ಸ್ಟುಡಿಯೋ ಕಟ್ಟಿದರು, ಜಲದೃಶ್ಯಗಳಿಗೆಂದು ಕೊಳ ತೋಡಿಸಿದರು. ಇಲ್ಲಿನ ಮೊದಲ ಚಿತ್ರ 1934ರ ‘ಅಮೃತ ಮಂಥನ್’. ಅದರಲ್ಲಿ ಶಾಂತಾರಾಮ್ ರಾಕ್ಷಸನನ್ನು ಗೊಂಬೆಯಲ್ಲಿ ಕಟ್ಟಲಿಲ್ಲ. ನರಬಲಿಗೆ ಹಟ ಹಿಡಿದ ರಾಜಗುರುವಿನ ಒಂದೇ ಒಂದು ಕಣ್ಣನ್ನು ಟೆಲಿಫೋಟೋ ಮಸೂರದಿಂದ ಪರದೆಯ ತುಂಬ ತುಂಬಿದರು. ಅದೊಂದು ಕಣ್ಣೇ ಸಾಕು ಎದೆ ನಡುಗಲು! ಅದೇ ವರ್ಷ ಇದೇ ಪ್ರಭಾತ್ ‘ಜಂಬುಕಾಕಾ’ ಎಂಬ ನರಿಯ ಕಾರ್ಟೂನನ್ನೂ ತಯಾರಿಸಿತು. 1936ರ ‘ಸಂತ ತುಕಾರಾಂ’ನ ಕೊನೆಯಲ್ಲಿ ಗರುಡನ ಆಕಾರದ ವಿಮಾನ ರೆಕ್ಕೆ ಬಿಚ್ಚಿ ತುಕಾರಾಮರನ್ನು ವೈಕುಂಠಕ್ಕೆ ಒಯ್ಯುತ್ತದೆ. ಮರುವರ್ಷ ವೆನಿಸ್ ಚಿತ್ರೋತ್ಸವ ಆ ಚಿತ್ರವನ್ನು ಗೌರವಿಸಿತು. ಪಶ್ಚಿಮದವರು ಕಳೆದುಹೋದ ದ್ವೀಪಕ್ಕೆ ಹಡಗೇರಿ ಹೋಗಿ ಅದ್ಭುತ ಪ್ರಾಣಿಗಳನ್ನು ಕಂಡರು. ನಮ್ಮವರು ದೂರ ಹೋಗಬೇಕಿರಲಿಲ್ಲ, ಗರುಡ, ಕಾಳಿಂಗರು ನಮ್ಮ ಮನೆಯ ಕಥೆಗಳಲ್ಲೇ ಇದ್ದರು!

ಏಳು ಅಸ್ಥಿಪಂಜರ, ಆರು ಕೈ

‘ಕಿಂಗ್ ಕಾಂಗ್’ ಬಂದ ವರ್ಷ ಲಾಸ್ ಏಂಜಲೀಸ್‌ನಲ್ಲಿ ಅದನ್ನು ನೋಡಿದ 13 ವರ್ಷದ ಹುಡುಗನೊಬ್ಬ ಮನೆಗೆ ಬಂದವನು ಬದಲಾಗಿಬಿಟ್ಟಿದ್ದ. ಹೆಸರು ರೇ ಹ್ಯಾರಿಹೌಸನ್. ಅಮ್ಮನ ಹಳೆಯ ತುಪ್ಪಳದ ಕೋಟು ಕತ್ತರಿಸಿ ಗುಹೆಯ ಕರಡಿ ಮಾಡಿದ! ಅಪ್ಪ ಯಂತ್ರಗೆಲಸದವನು, ಮಗನ ಗೊಂಬೆಗಳಿಗೆ ಲೋಹದ ಕೀಲು ಮಾಡಿಕೊಟ್ಟ, ದೊಡ್ಡ ಚಿತ್ರಗಳ ಕಾಲದಲ್ಲೂ ಮಾಡಿಕೊಡುತ್ತಲೇ ಇದ್ದ. ಮುಂದೆ ರೇ ಓಬ್ರಿಯನ್‌ನ ಬಳಿಯೇ ದುಡಿದು ‘ಮೈಟಿ ಜೋ ಯಂಗ್’ ಗೊರಿಲ್ಲಾಕ್ಕೆ ಜೀವ ತುಂಬಿದ. 1958ರ ‘ದಿ ಸೆವೆಂತ್ ವೊಯೇಜ್ ಆಫ್ ಸಿಂದಬಾದ್’ನಲ್ಲಿ ಒಕ್ಕಣ್ಣ ರಾಕ್ಷಸ, ಬೆಂಕಿಯುಗುಳುವ ಡ್ರ್ಯಾಗನ್, ಬಾಗ್ದಾದಿನ ಆಸ್ಥಾನದಲ್ಲಿ ಕುಣಿಯುವ ನಾಗಸ್ತ್ರೀ!

1963ರ ‘ಜೇಸನ್ ಅಂಡ್ ದಿ ಆರ್ಗೊನಾಟ್ಸ್’ನಲ್ಲಿ ನೆಲ ಸೀಳಿ ಎದ್ದ ಏಳು ಅಸ್ಥಿಪಂಜರಗಳು ಮೂವರು ಮನುಷ್ಯರೊಡನೆ ಕತ್ತಿ ಹಿಡಿದು ಕಾದುತ್ತವೆ. ಪರದೆಯಲ್ಲಿ ಕೆಲವೇ ನಿಮಿಷ. ಹ್ಯಾರಿಹೌಸನ್ ಒಬ್ಬನೇ ಕೂತು ಅದಕ್ಕೆ ಸುರಿದದ್ದು ನಾಲ್ಕೂವರೆ ತಿಂಗಳು! ಏಳು ತಲೆ, ಹದಿನಾಲ್ಕು ಕೈ, ಹದಿನಾಲ್ಕು ಕಾಲು. ಒಂದೊಂದು ಫ್ರೇಮಿಗೂ ಎಲ್ಲವನ್ನೂ ಸರಿಸಬೇಕು, ಮೊದಲೇ ಚಿತ್ರೀಕರಿಸಿದ ನಟರ ಕತ್ತಿಗೆ ತಾಗುವಂತೆ ಹೊಂದಿಸಬೇಕು. ದಿನಕ್ಕೆ ಸರಾಸರಿ 13 ಫ್ರೇಮ್. ಅಂದರೆ ಇಡೀ ದಿನ ದುಡಿದರೆ ಅರ್ಧ ಸೆಕೆಂಡಿನಷ್ಟು ಸಿನಿಮಾ!

ಹತ್ತು ವರ್ಷದ ನಂತರ ‘ದಿ ಗೋಲ್ಡನ್ ವೊಯೇಜ್ ಆಫ್ ಸಿಂದಬಾದ್’. ಗುಡಿಯಲ್ಲಿ ನಿಂತ ಕಾಳಿಯ ವಿಗ್ರಹ ಕಣ್ಣೆದುರೇ ಮಿಸುಕಿ, ನೃತ್ಯ ಮಾಡಿ, ಆರು ಕೈಗಳಲ್ಲಿ ಆರು ಕತ್ತಿ ಝಳಪಿಸುತ್ತಾ ಮೆಟ್ಟಿಲಿಳಿಯುತ್ತದೆ! ಆ ಹೋರಾಟದ ತಾಲೀಮಿಗೆ ಮೂವರು ಸಾಹಸಿಗಳನ್ನು ಒಂದೇ ಪಟ್ಟಿಯಿಂದ ಬಿಗಿದು ಆರು ಕೈಗಳ ಒಂದೇ ದೇಹವನ್ನಾಗಿಸಿದ್ದರು. ಬೇರೆಯವರ ಕಲ್ಪನೆಯ ಕಾಳಿ ಅದು, ನಾವು ಪೂಜಿಸುವ ತಾಯಿಯಲ್ಲ. ಆದರೂ ಕಲ್ಲಿಗೆ ಪ್ರಾಣ ಬರುವ ಆ ಕ್ಷಣದಲ್ಲಿ, ಪ್ರಾಣಪ್ರತಿಷ್ಠೆಯನ್ನು ಕಂಡು ಬೆಳೆದ ನಮ್ಮ ಮೈ ಬೇರೆ ಯಾರ ಮೈಗಿಂತಲೂ ಹೆಚ್ಚು ನವಿರೇಳುತ್ತದೆ.

ಕೈಯಿಂದ ಕೈಗೆ

ಹ್ಯಾರಿಹೌಸನ್‌ನ ಅಪ್ಪ-ಅಮ್ಮನನ್ನು ನೆನೆಯುತ್ತಲೇ ಫಾಲ್ಕೆಯವರ ಮನೆಯನ್ನೂ ನೋಡಿ. ಪತ್ನಿ ಸರಸ್ವತಿಬಾಯಿ ಒಡವೆ ಕೊಟ್ಟರು, ಕತ್ತಲಲ್ಲಿ ಕೂತು ಫಿಲ್ಮಿನ ಅಂಚಿಗೆ ರಂಧ್ರ ಕೊರೆದರು, ಫಿಲ್ಮ್ ತೊಳೆಯುವುದನ್ನು ಕಲಿತರು. ಮಗ ಭಾಲಚಂದ್ರ ಹರಿಶ್ಚಂದ್ರನ ಲೋಹಿತಾಶ್ವನಾದ, ಮಗಳು ಕೃಷ್ಣನಾದಳು. ಈ ಮಾಂತ್ರಿಕ ಲೋಕಗಳು ಹುಟ್ಟಿದ್ದು ಮನೆಮಂದಿಯ ದುಡಿಮೆಯಲ್ಲಿ! ಅದಕ್ಕೇ ಈ ಹಳೆಯ ದೈತ್ಯರು ನಮ್ಮನ್ನು ಹೀಗೆ ಹಿಡಿದಿಡುವುದು. ಇಂದಿನ ಕಂಪ್ಯೂಟರ್ ಡೈನೋಸಾರ್ ಬೆವರಿನ ಹನಿಯನ್ನೂ ತೋರಿಸಬಲ್ಲದು. ಆದರೆ ಕಾಂಗ್‌ನ ಕೊಂಚ ತಡವರಿಸುವ ನಡಿಗೆಯಲ್ಲಿ ಒಬ್ಬ ಮನುಷ್ಯನ ದಿನಗಳು, ರಾತ್ರಿಗಳು, ಪಟ್ಟು ಬಿಡದ ಪ್ರೀತಿ ಎಲ್ಲವೂ ಕಾಣುತ್ತವೆ.

ಈ ಪ್ರೀತಿ ಕರ್ನಾಟಕದ ಹಳ್ಳಿಗೂ ಹರಿಯಿತು. ನೀನಾಸಂ ರಂಗಸಂಸ್ಥೆಯ ಕೆ.ವಿ. ಸುಬ್ಬಣ್ಣನವರ ಕರೆಗೆ ಓಗೊಟ್ಟು ಪಿ.ಕೆ. ನಾಯರ್ ಮತ್ತು ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಪುಣೆಯಿಂದ ಹೆಗ್ಗೋಡಿಗೆ ಬಂದರು. ನೀನಾಸಂನಲ್ಲಿ ಅಡಿಕೆ ತೋಟದ ಜನ ಲೋಕದ ಮಹಾಚಿತ್ರಗಳನ್ನು ನೋಡಿ ಚರ್ಚಿಸಿದರು. ನಾಯರ್ ಕುರಿತ 2012ರ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆ ದಿನಗಳನ್ನು ನೆನೆಯುವುದನ್ನು ನೋಡಿದರೆ ಕನ್ನಡಿಗರಾದ ನಮಗೆ ಎದೆ ತುಂಬುತ್ತದೆ.

2003ರ ಜನವರಿಯಲ್ಲಿ ಪುಣೆಯ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು ಎಷ್ಟೋ ಹಳೆಯ ಸುರುಳಿಗಳು ಸುಟ್ಟವು. 2016ರ ಮಾರ್ಚ್ 4ರಂದು ನಾಯರ್ ಅದೇ ಪುಣೆಯಲ್ಲಿ ತೀರಿಕೊಂಡರು. ಅವರು ಮಾಡಿ ತೋರಿಸಿದ ಕೆಲಸ ಮಾತ್ರ ಮುಗಿದಿಲ್ಲ. ಒಂದು ಕುಟುಂಬ ಜೋಪಾನ ಮಾಡಿದ ಚೂರುಗಳಿಂದ ಕಾಳಿಂಗ ಎದ್ದು ಬಂದನೆಂದ ಮೇಲೆ, ಇನ್ನಾವ ಅಟ್ಟದಲ್ಲಿ, ಮುಚ್ಚಿದ ಯಾವ ಟೆಂಟ್ ಟಾಕೀಸಿನ ಕೋಣೆಯಲ್ಲಿ, ಮಹಾರಾಷ್ಟ್ರದ ಗಡಿಗಂಟಿದ ನಮ್ಮ ಬೆಳಗಾವಿ, ವಿಜಯಪುರಗಳ ಯಾವ ಹಳೆಯ ಮನೆಯಲ್ಲಿ ಎಂಥ ಡಬ್ಬಿ ಇದೆಯೋ! ತುಕ್ಕು ಹಿಡಿದ ಫಿಲ್ಮ್ ಡಬ್ಬಿ ಕಂಡರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಬೆಂಕಿಯ ಹತ್ತಿರ ಇಡಬೇಡಿ, ಬಲವಂತದಿಂದ ಬಿಚ್ಚಬೇಡಿ. ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿ. ಮಕ್ಕಳ ಕೈಗೆ ಮೊಬೈಲ್ ಕೊಡುವುದೇ ಆದರೆ ಒಂದು ಭಾನುವಾರ ಅದನ್ನು ಅಲುಗದಂತೆ ನಿಲ್ಲಿಸಿ, ಎದುರಿಗೆ ಒಂದು ಹಿಡಿ ಮದ್ದಿಲ್ಲದ ಕಡ್ಡಿಗಳನ್ನು ಹರಡಿ, ಒಂದೊಂದೇ ಸರಿಸಿ ಚಿತ್ರ ತೆಗೆಯಲು ಹೇಳಿ. ನಾಸಿಕದಲ್ಲಿ 1915ರಲ್ಲಿ ಹುಟ್ಟಿ ಆಮೇಲೆ ಕಳೆದುಹೋದ ಕುಣಿತವನ್ನು ಮತ್ತೆ ಶುರುಮಾಡಲು ಬೇಕಾದ ಸಾಮಾನೆಲ್ಲ ನಮ್ಮ ಮನೆಯಲ್ಲೇ ಇದೆ!